ಗಂಜಿಯಕ್ಕನ ಮಡಿ

ಆಸ್ಪತ್ರೆಯ ಲಾಂಡ್ರಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವಳಿಗೆ ಗಂಜಿಯಕ್ಕ ಎಂಬ ಹೆಸರು ಬಿತ್ತು. ನರ್ಸುಗಳ ಟೋಪಿಗೆ, ಡಾಕ್ಟರುಗಳ ಕೋಟಿಗೆ ಗಂಜಿ ಹಾಕುವುದು ಅವಳ ಕೆಲಸವಾಗಿತ್ತು, ನಿಜ. ಆದರೆ ಹೆಸರು ಬಂದದ್ದು ಅದರಿಂದಲ್ಲ, ಅವಳು ನಿಲ್ಲುವ ಠೀವಿಯಿಂದ. ಬೆನ್ನು ಬಾಗಿಸದೆ, ಕತ್ತು ಕೊಂಕಿಸದೆ, ಯಾರೋ ಅವಳನ್ನೇ ಗಂಜಿಯಲ್ಲಿ ಅದ್ದಿ ತೆಗೆದು ಇಸ್ತ್ರಿ ಮಾಡಿ ನಿಲ್ಲಿಸಿದ ಹಾಗೆ ನಿಲ್ಲುತ್ತಿದ್ದಳು. ಮಾತೂ ಅಷ್ಟೇ, ಒಂದೇ ಏಟಿಗೆ ಎರಡು ತುಂಡು.

ಹಾಗೆ ಸೆಟೆದು ನಿಲ್ಲದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ತಾಯಿ ಸತ್ತಾಗ ಅವಳಿನ್ನೂ ಹುಡುಗಿ, ತಮ್ಮನಿಗೆ ಸರಿಯಾಗಿ ಮಾತೂ ಬಂದಿರಲಿಲ್ಲ. ಅಪ್ಪ ಇದ್ದೂ ಇಲ್ಲದ ಹಾಗಿದ್ದವನು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದಳು. ಒಣಗಿಸುವ ಯಂತ್ರದಿಂದ ಆಗ ತಾನೆ ತೆಗೆದ ಬೆಚ್ಚನೆಯ ಹಾಸುಬಟ್ಟೆಗಳ ಗಾಡಿಯಲ್ಲಿ ಅವನು ಹುದುಗಿಕೊಂಡು ಮಲಗಿಬಿಡುತ್ತಿದ್ದ. ಒಮ್ಮೆ ಗಾಡಿ ನೂಕುವವನು ನೋಡದೆ ಅವನನ್ನು ಹೆರಿಗೆ ವಾರ್ಡಿನವರೆಗೂ ತಳ್ಳಿಕೊಂಡು ಹೋಗಿದ್ದ. "ಇಷ್ಟು ದೊಡ್ಡ ಮಗು ಯಾರು ಹೆತ್ತರಪ್ಪಾ?" ಎಂದು ನರ್ಸುಗಳು ನಕ್ಕಿದ್ದೇ ನಕ್ಕಿದ್ದು. ಮುಂದೆ ಅವಳಿಗೆ ಮದುವೆಯಾಯಿತು, ಒಬ್ಬ ಮಗ ಹುಟ್ಟಿದ, ಗಂಡ ಬೇಗ ಹೋದ. ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ, "ಇಬ್ಬರು. ಒಬ್ಬನನ್ನ ಹೆತ್ತೆ, ಒಬ್ಬನನ್ನ ಹೊತ್ತೆ" ಎನ್ನುತ್ತಿದ್ದಳು. ಹೆತ್ತ ಮಗ ಬೇಕರಿಯಲ್ಲಿ ಕೆಲಸಕ್ಕೆ ನಿಂತ. ಹೊತ್ತ ತಮ್ಮ ಲಾರಿ ಡ್ರೈವರ್ ಆದ.

ವರ್ಷಗಟ್ಟಲೆ ಒದ್ದೆ ಸಿಮೆಂಟಿನ ನೆಲದ ಮೇಲೆ ನಿಂತದ್ದಕ್ಕೆ ಮಂಡಿಗಳು ಸೇಡು ತೀರಿಸಿಕೊಂಡವು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಕೆಲಸ ಬಿಟ್ಟು ಮನೆಗೆ ಬಂದಳು. ಹಗಲೆಲ್ಲ ಅಡುಗೆಮನೆಯ ಕಿಟಕಿಯಿಂದ ಹಿತ್ತಲನ್ನು ನೋಡುತ್ತ ಕೂರುವುದೇ ಕೆಲಸವಾಯಿತು. ಹಿತ್ತಲೆಂದರೆ ಎಂಥ ಹಿತ್ತಲು! ಮನೆ ಕಟ್ಟಿದವರು ಒಡೆದ ಇಟ್ಟಿಗೆ, ಸಿಮೆಂಟಿನ ಗಟ್ಟಿ ಎಲ್ಲವನ್ನೂ ಅಲ್ಲೇ ಹೂತು ಮೇಲೆ ನಾಲ್ಕು ಬುಟ್ಟಿ ಮಣ್ಣು ಚೆಲ್ಲಿ ಹೋಗಿದ್ದರು. ಗುದ್ದಲಿ ಹಾಕಿದರೆ ಕಿಡಿ ಏಳುತ್ತಿತ್ತು.

"ಸುಮ್ಮನೆ ಕೂತ್ರೆ ನಿನಗೆ ಹುಚ್ಚು ಹಿಡಿಯತ್ತೆ ಅಮ್ಮ. ನೆಲದಲ್ಲಿ ಆಗದಿದ್ರೆ ನೆಲದ ಮೇಲೆ ಬೆಳಿ" ಎಂದ ಮಗ. ರಜೆಯ ದಿನ ಇಟ್ಟಿಗೆ ತಂದು, ತಾಯಿಯ ಸೊಂಟದ ಎತ್ತರಕ್ಕೆ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿದ. ಬಗ್ಗಬೇಕಿಲ್ಲ, ಕೂರಬೇಕಿಲ್ಲ, ನಿಂತೇ ಕಳೆ ಕೀಳಬಹುದು. ಮಣ್ಣು ತುಂಬಿದರೆ ಅದೇ ಮಡಿ. ನೋಡಲು ಬಂದ ತಮ್ಮ ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿದ.

"ಅಕ್ಕ, ಇದು ಮಡಿನೋ ಸಮಾಧಿನೋ?"

"ನೀನು ಮಲಗೋದಾದ್ರೆ ಸಮಾಧಿ, ನಾನು ಬಿತ್ತೋದಾದ್ರೆ ಮಡಿ. ನಕ್ಕಿದ್ದು ಸಾಕು, ತುಂಬಕ್ಕೆ ಮಣ್ಣು ತಂದು ಹಾಕು."

"ಅಷ್ಟೇ ತಾನೆ?" ಎಂದ ಅವನು.

ವಾರ ಕಳೆಯುವುದರೊಳಗೆ ಅವನ ಲಾರಿ ಹಿಂದಿನ ಓಣಿಗೆ ಬಂದು ನಿಂತಿತು. ಬುಟ್ಟಿ ಬುಟ್ಟಿಯಾಗಿ ಅವನೇ ಹೊತ್ತು ತಂದು ಸುರಿದ. ಹುಡಿ ಹುಡಿಯಾದ, ಕೈಗೆ ಹಗುರಾದ, ಕಾಡಿಗೆಯಂಥ ಮಣ್ಣು. ಗಂಜಿಯಕ್ಕ ಮುಷ್ಟಿಯಲ್ಲಿ ಹಿಡಿದು ಬೆರಳ ಸಂದಿಯಿಂದ ಸೋರಿಸಿ ನೋಡಿದಳು.

"ಎಲ್ಲಿಂದ ತಂದ್ಯೋ?"

"ಏನಕ್ಕ, ಮಣ್ಣಿಗೂ ಊರು ಕೇರಿ ವಿಚಾರಿಸ್ತೀಯಾ? ಹೆಣ್ಣು ಕೊಡೋದಿದ್ಯಾ ಅದಕ್ಕೆ?"

ಅವಳು ನಕ್ಕಳು. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರು ಜಾತಕ ನೋಡುತ್ತಾರೆ! ಮಾತು ಅಲ್ಲಿಗೇ ನಿಂತಿತು.

ಬೆಳೆಯುವುದು ಅವಳಿಗೆ ಗೊತ್ತಿರಲಿಲ್ಲ. ಮೊದಲ ಸಲ ಬೀಜಗಳನ್ನು ಸಾಸಿವೆ ಎರಚಿದ ಹಾಗೆ ಎರಚಿದಳು. ಒಂದರ ಮೇಲೊಂದು ಮೊಳೆತು, ಒಂದೂ ದಪ್ಪವಾಗಲಿಲ್ಲ. ಅರ್ಧ ಸಸಿಗಳನ್ನು ಕಿತ್ತು ಉಳಿದವಕ್ಕೆ ಜಾಗ ಬಿಡಬೇಕೆಂದು ತಿಳಿಯಿತು, ಆದರೆ ಕೀಳಲು ಕೈ ಬರಲಿಲ್ಲ. "ಇದೇನು ತಪ್ಪು ಮಾಡಿದೆ ಅಂತ ಕೀಳಲಿ?" ಎಂದು ಒಂದು ಬೆಳಗ್ಗೆಯೆಲ್ಲ ನಿಂತಿದ್ದಳು. ಕಡೆಗೆ ಅದೂ ಅಭ್ಯಾಸವಾಯಿತು. ಎಲೆಯ ಅಡಿ ಬೆರಳಾಡಿಸಿ ಹುಳು ಹಿಡಿಯುವುದು, ಟೊಮೆಟೊ ಗಿಡದ ಕಂಕುಳಲ್ಲಿ ಒಡೆಯುವ ಚಿಗುರನ್ನು ಚಿವುಟುವುದು, ಬೀನ್ಸ್ ಬಳ್ಳಿಗೆ ದಾರ ಕಟ್ಟುವುದು, ಎಲ್ಲ ಬಂತು. ಎರಡನೆಯ ಬೆಳೆಗೆ ಪಾಲಕ್ ಎಲೆಗಳು ಅಂಗೈಗಿಂತ ಅಗಲವಾದವು. ಮೂಲಂಗಿ, ಕ್ಯಾರೆಟ್ ಎಳೆದರೆ ಪುಸಕ್ಕನೆ ಬರುತ್ತಿದ್ದವು. ಮನೆಗೆ ಮಿಕ್ಕಿದ್ದನ್ನು ಬೀದಿಗೆ ಹಂಚುತ್ತಿದ್ದಳು. ಎದುರು ಮನೆಯ ಟೈಲರನ ಮಗಳು ಬಸುರಿ. ಅವಳಿಗೆಂದು ಎಳೆಯ ಸೊಪ್ಪನ್ನು ಬೇರೆ ಕಟ್ಟು ಕಟ್ಟಿ ಕಳಿಸುತ್ತಿದ್ದಳು.

ಹಿತ್ತಲಲ್ಲಿ ಅವಳ ಜೊತೆಗಾತಿ ಮೊಮ್ಮಗಳು. ಹುಟ್ಟುವಾಗಲೇ ದುಂಡಗಿದ್ದಳೆಂದು ಎಲ್ಲರೂ ಬಟಾಣಿ ಎಂದೇ ಕರೆಯುತ್ತಿದ್ದರು. ಆಗಷ್ಟೇ ಮಾತು ಕಲಿತು, ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಆಡುವ ವಯಸ್ಸು. ಸ್ಟೂಲಿನ ಮೇಲೆ ನಿಂತು ಮೊಣಕೈವರೆಗೂ ಮಣ್ಣಿನಲ್ಲಿ ಕೈ ಹೂತು, "ಅಜ್ಜಿ ಇದೇನು, ಅಜ್ಜಿ ಅದೇನು" ಎಂದು ಪ್ರಾಣ ತಿನ್ನುತ್ತಿದ್ದಳು. ಗಂಜಿಯಕ್ಕ ಕ್ಯಾರೆಟ್ ಕಿತ್ತು, ಬಟ್ಟೆಗೆ ಒರೆಸಿ ಕೈಗೆ ಕೊಡುತ್ತಿದ್ದಳು. ಅಲ್ಲೇ ಕಟುಮ್ ಎಂದು ಕಡಿಯುವುದು.

"ತೊಳೀದೆ ಕೊಡ್ಬೇಡಿ ಅತ್ತೆ" ಎಂದು ಸೊಸೆ ಅಡುಗೆಮನೆಯಿಂದ ಕೂಗುತ್ತಿದ್ದಳು.

"ಮಣ್ಣು ತಿಂದ ಮಕ್ಕಳೇ ಗಟ್ಟಿ ಕಣೆ. ನಿನ್ನ ಗಂಡ ಎಷ್ಟು ತಿಂದಿದ್ದಾನೆ ಕೇಳು."

ಸೊಸೆ ಮಾತು ಬೆಳೆಸುವವಳಲ್ಲ. ಅವಳು ಬಟ್ಟೆ ಅಂಗಡಿಯಲ್ಲಿ ನಿಂತು ಮಾರುವವಳು. ಹಗಲು ಮಗುವನ್ನು ನೋಡಿಕೊಳ್ಳುವ ಅತ್ತೆಯ ಮುಂದೆ ಎಷ್ಟು ಹೇಳಬೇಕೋ ಅಷ್ಟೇ ಹೇಳುತ್ತಿದ್ದಳು.

ಮೊದಲು ಬಟಾಣಿಯ ಹಸಿವು ಹೋಯಿತು. ಆಮೇಲೆ ಹೊಟ್ಟೆನೋವು, ಮಲಬದ್ಧತೆ. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಹಲ್ಲು ಬರುತ್ತಿರಬೇಕು ಎಂದುಕೊಂಡರು. ದೃಷ್ಟಿಯೋ ಏನೋ ಎಂದಳು ಟೈಲರನ ಹೆಂಡತಿ. ಕೆನ್ನೆ ಬಿಳಿಚಿತು, ಕಣ್ಣ ಕೆಳಗೆ ಕಪ್ಪು ಕಟ್ಟಿತು. ಔಷಧದ ಅಂಗಡಿಯವನು ರೆಪ್ಪೆ ಎಳೆದು ನೋಡಿ, "ರಕ್ತ ಕಡಿಮೆ ಇದೆ. ಸೊಪ್ಪು ತರಕಾರಿ ಚೆನ್ನಾಗಿ ತಿನ್ನಿಸಿ" ಎಂದ.

ಸೊಪ್ಪಿಗೇನು ಬರ! ಗಂಜಿಯಕ್ಕ ದಿನಾ ಬೆಳಗ್ಗೆ ಎಳೆಯ ಪಾಲಕ್ ಕೊಯ್ದು, ಬೇಯಿಸಿ, ಅರೆದು, ಸೋಸಿ, ಹಸಿರು ಸೂಪ್ ಮಾಡಿ, ಮೂಗು ಹಿಡಿದಾದರೂ ಕುಡಿಸುತ್ತಿದ್ದಳು. ಮಗು ಮುಖ ತಿರುಗಿಸಿದರೆ ತೊಡೆಯ ಮೇಲೆ ಒತ್ತಿ ಹಿಡಿದು ಚಮಚ ತುರುಕುತ್ತಿದ್ದಳು. ಮಗು ಇನ್ನೂ ಸೊರಗಿತು. ಇನ್ನೊಂದು ಲೋಟ ಕುಡಿಸಿದಳು.

ನಡುವೆ ಒಂದು ದಿನ ಅವಳಿಗೆ ಹೊಳೆಯಿತು: ಬಟಾಣಿ "ಇದೇನು" ಎಂದು ಕೇಳಿ ಎಷ್ಟೋ ದಿನವಾಗಿತ್ತು. ಸ್ಟೂಲಿನ ಮೇಲೆ ನಿಲ್ಲುತ್ತಾಳೆ, ಮಣ್ಣು ಕೆದಕುತ್ತಾಳೆ, ಬೆರಳು ಚೀಪುತ್ತಾಳೆ, ಮಾತಿಲ್ಲ. ಬೆರಳು ತೋರಿಸಿ "ಇದೇನು ಹೇಳು?" ಎಂದರೆ ಟೊಮೆಟೊವನ್ನೇ ನೋಡುತ್ತ ನಿಂತಿರುತ್ತಿದ್ದಳು. ಆ ಹೆಸರು ಎಲ್ಲೋ ಬಿದ್ದುಹೋಗಿತ್ತು.

ಮಾರನೆಯ ವಾರ, ಮಧ್ಯಾಹ್ನದ ಊಟದ ತಟ್ಟೆಯ ಮುಂದೆ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಮಂಡಿನೋವು ಎಲ್ಲಿ ಹೋಯಿತೋ, ಗಂಜಿಯಕ್ಕ ಮಗುವನ್ನು ಎದೆಗವುಚಿಕೊಂಡು ಬೀದಿಗೆ ಓಡಿದಳು. ಟೈಲರ್ ತನ್ನ ಸ್ಕೂಟರ್ ತೆಗೆದ. ತಾನು ವರ್ಷಗಟ್ಟಲೆ ಬಟ್ಟೆ ಒಗೆದ ಅದೇ ಆಸ್ಪತ್ರೆಗೆ ಹೋದಳು. ತಾನೇ ಗಂಜಿ ಹಾಕಿರಬಹುದಾದ ಹಾಸಿನ ಮೇಲೆ ಮಗುವನ್ನು ಮಲಗಿಸಿದರು.

ರಕ್ತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮಕ್ಕಳ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡರು. ಅಜ್ಜಿ, ಮಗ, ಸೊಸೆ.

"ಮಗುವಿನ ಮೈಯಲ್ಲಿ ಸೀಸ ಸೇರಿದೆ. ಬಹಳ ಸೇರಿದೆ."

"ಸೀಸ ಅಂದ್ರೆ?" ಎಂದ ಮಗ.

"ಲೋಹ. ಹಳೇ ಪೇಂಟಿನಲ್ಲಿ, ಬ್ಯಾಟರಿಯಲ್ಲಿ ಇರತ್ತಲ್ಲ, ಅದು. ಮೈಗೆ ಸೇರಿದ್ರೆ ವಿಷ. ಚಿಕ್ಕ ಮಕ್ಕಳಿಗೆ ತಲೆಗೇ ಹೊಡೆಯತ್ತೆ. ಮೈಯಿಂದ ತೆಗೆಯಕ್ಕೆ ಔಷಧ ಕೊಡ್ತೀವಿ. ಆದ್ರೆ ಅದು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗೋ ತನಕ ಮಗೂನ ಮನೆಗೆ ಕಳಿಸಲ್ಲ."

ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಮನೆಗೆ ಬಂದ. ನಲ್ಲಿಯ ನೀರು ಹಿಡಿದ, ಗೋಡೆಯ ಬಣ್ಣ ಕೆರೆದ, ಪಾತ್ರೆ ನೋಡಿದ, ಮಗುವಿನ ಆಟಿಕೆಗಳನ್ನು ಚೀಲಕ್ಕೆ ಹಾಕಿಕೊಂಡ. ಹೊರಡುವಾಗ ಹಿತ್ತಲ ಬಾಗಿಲಲ್ಲಿ ನಿಂತ.

"ಒಳ್ಳೇ ಫಸಲು ಬಂದಿದೆಯಲ್ಲಮ್ಮ."

"ಮೊಮ್ಮಗಳು ಮನೆಗೆ ಬರೋ ಹೊತ್ತಿಗೆ ಇನ್ನೂ ಬರತ್ತೆ" ಎಂದಳು ಗಂಜಿಯಕ್ಕ. ಒಂದು ಕಟ್ಟು ಸೊಪ್ಪು ಕೊಯ್ದು ಅವನ ಕೈಗೂ ಕೊಟ್ಟಳು. ಅವನು ಸೊಪ್ಪನ್ನೂ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದ. ಮಡಿಯ ನಾಲ್ಕು ಮೂಲೆಯಿಂದ ಒಂದೊಂದು ಹಿಡಿ ಮಣ್ಣನ್ನೂ ತೆಗೆದುಕೊಂಡ.

ನಲ್ಲಿಯಲ್ಲಿ ಏನೂ ಇರಲಿಲ್ಲ. ಗೋಡೆಯಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ಮಡಿಯಲ್ಲಿತ್ತು.

ಆ ಸುದ್ದಿಯನ್ನು ಇನ್‌ಸ್ಪೆಕ್ಟರ್ ಬಂದು ಹೇಳಿದಾಗ ಗಂಜಿಯಕ್ಕ ಒಲೆಯ ಮುಂದೆ ನಿಂತಿದ್ದಳು. ಆಸ್ಪತ್ರೆಗೆ ಒಯ್ಯಲೆಂದು ಸೂಪ್ ಕಾಯಿಸುತ್ತಿದ್ದಳು. ಒಲೆ ಆರಿಸಿದಳು. ಪಾತ್ರೆಯನ್ನು ಎಲ್ಲಿ ಚೆಲ್ಲಬೇಕೆಂದು ಗೊತ್ತಾಗದೆ ಹಿಡಿದುಕೊಂಡೇ ನಿಂತಳು. ಬಚ್ಚಲಿಗೆ ಸುರಿದರೆ ಚರಂಡಿಗೆ ಹೋಗುತ್ತದೆ, ಹಿತ್ತಲಿಗೆ ಸುರಿದರೆ ಅಲ್ಲೇ ಉಳಿಯುತ್ತದೆ. ಸೊಸೆ ಬಂದು ಅವಳ ಕೈಯಿಂದ ಪಾತ್ರೆ ತೆಗೆದುಕೊಂಡಳು.

"ತೊಳೀರಿ ಅಂತ ಹೇಳ್ತಾನೇ ಇದ್ದೆ ಅತ್ತೆ" ಎಂದಳು. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

"ತೊಳೆದಿದ್ರೂ ಪೂರ್ತಿ ಹೋಗ್ತಿರಲಿಲ್ಲ. ಗಿಡದ ಒಳಗೇ ಸೇರಿದೆ" ಎಂದ ಇನ್‌ಸ್ಪೆಕ್ಟರ್. ಸಮಾಧಾನಕ್ಕೆಂದು ಹೇಳಿದ್ದ, ಯಾರಿಗೂ ಸಮಾಧಾನವಾಗಲಿಲ್ಲ. "ಮಣ್ಣು ಎಲ್ಲಿಂದ ತಂದ್ರಿ?"

ಗಂಜಿಯಕ್ಕ ಸೊಸೆಯನ್ನು ನೋಡಿದಳು. ಸೊಸೆ ನೆಲ ನೋಡಿದಳು.

"ವಿಚಾರಿಸಿ ಹೇಳ್ತೀನಿ" ಎಂದಳು ಗಂಜಿಯಕ್ಕ.

ತಮ್ಮನ ಮನೆ ಲಾರಿ ನಿಲ್ಲಿಸುವ ಬಯಲಿನ ಪಕ್ಕದಲ್ಲಿತ್ತು. ಅವನು ಲಾರಿಯ ಕೆಳಗೆ ಅಂಗಾತ ಮಲಗಿ ಏನೋ ಬಿಗಿಯುತ್ತಿದ್ದ. ಅಕ್ಕನ ಕಾಲು ಕಂಡು ಹೊರಗೆ ಜಾರಿ ಬಂದ. ಅಕ್ಕ ಸೀಸದ ವಿಷಯ ಹೇಳಿದಳು. ಅವನು ಕೈಗೆ ಮೆತ್ತಿದ್ದ ಗ್ರೀಸನ್ನು ಒರೆಸುತ್ತಲೇ ಇದ್ದ, ಒರೆಸುತ್ತಲೇ ಇದ್ದ.

"ಎಲ್ಲಿಯದೋ ಆ ಮಣ್ಣು?"

"ಹಳೇ ಬ್ಯಾಟರಿ ಒಡೆಯೋ ಕಾರ್ಖಾನೆ ಕೆಡವಿದ್ರು. ಅಲ್ಲಿಯ ಮಣ್ಣು ಸಾಗಿಸಕ್ಕೆ ಕರೆದಿದ್ರು."

"ಎಲ್ಲಿಗೆ ಸಾಗಿಸು ಅಂದಿದ್ರು?"

"ಊರಾಚೆ, ದೂರ. ಅಲ್ಲಿ ಗುಂಡಿ ತೋಡಿ, ಕೆಳಗೆ ಪ್ಲಾಸ್ಟಿಕ್ ಹಾಸಿ ಮುಚ್ಚೋ ಜಾಗ ಇದೆ."

"ಬೇರೆಲ್ಲೂ ಹಾಕ್ಬೇಡ ಅಂದಿದ್ರಾ?"

ಅವನು ತಲೆ ತಗ್ಗಿಸಿದ. "ಅಂದಿದ್ರು."

"ಯಾಕೆ ಅಂತ ಕೇಳಿದ್ಯಾ?"

"ಇಲ್ಲ ಅಕ್ಕ. ಕಪ್ಪಗೆ ಹುಡಿಯಾಗಿತ್ತು, ಚೆನ್ನಾಗಿ ಕಾಣ್ತು. ನೀನು ಬಾಯಿಬಿಟ್ಟು ನನ್ನ ಹತ್ರ ಏನನ್ನಾದ್ರೂ ಕೇಳಿದ್ದು ಅದೇ ಮೊದಲು. ವಿಷ ಅಂತ ಗೊತ್ತಿದ್ರೆ ನಿನ್ನ ಮನೆಗೆ ತರ್ತಿದ್ನಾ?"

"ತರ್ತಿರಲಿಲ್ಲ" ಎಂದಳು. "ನಾನು ಎಲ್ಲಿಂದ ಅಂತ ಕೇಳಿದೆ. ನೀನು ನಗಿಸಿದೆ, ನಾನು ನಕ್ಕೆ."

ಅವಳ ಕಣ್ಣು ಲಾರಿಯ ಮೇಲೆ ಬಿತ್ತು. ಇಷ್ಟು ದೊಡ್ಡ ಲಾರಿ. ಅವಳ ಮಡಿಗೆ ಬಂದದ್ದು ಅದರ ಒಂದು ಮೂಲೆಯ ಮಣ್ಣು.

"ಮಿಕ್ಕಿದ್ದೆಲ್ಲಿ?"

ಅವನು ಬಗ್ಗಿ ನೆಲದ ಮೇಲಿದ್ದ ಸ್ಪ್ಯಾನರ್ ಎತ್ತಿಕೊಂಡ.

"ಮಿಕ್ಕಿದ್ದೆಲ್ಲಿ ಹಾಕ್ದೆ ಅಂತ ಕೇಳಿದ್ದು."

"ಶಾಲೆ ಹಿಂದಿನ ಮೈದಾನ ಸಮ ಮಾಡ್ತಿದ್ರು. ತಗ್ಗು ತುಂಬಕ್ಕೆ ಮಣ್ಣು ಬೇಕಿತ್ತು ಅವರಿಗೆ. ಅಷ್ಟು ದೂರ ಯಾರು ಹೋಗಿ ಬರ್ತಾರೆ ಅಂತ..."

"ಒಂದೇ ಲೋಡಾ?"

"ಅಲ್ಲ."

ಗಂಜಿಯಕ್ಕ ಲಾರಿಯ ಗಾಲಿಗೆ ಕೈ ಕೊಟ್ಟು ನಿಂತಳು. ಆ ಮೈದಾನ ಅವಳಿಗೆ ಗೊತ್ತು. ಸಂಜೆ ಅಲ್ಲಿ ಮಕ್ಕಳು ಇರುವೆ ಮುತ್ತಿದ ಹಾಗೆ ಮುತ್ತಿರುತ್ತಿದ್ದವು.

"ನಾಳೆ ನೀನೇ ಹೋಗಿ ಇಲಾಖೆಯವರಿಗೆ ಹೇಳು. ನಾನು ಜೊತೆಗೆ ಬರ್ತೀನಿ."

"ಹೇಳಿದ್ರೆ ನನ್ನ ಕಥೆ ಮುಗೀತು ಅಕ್ಕ. ಲೈಸೆನ್ಸ್ ಹೋಗತ್ತೆ, ಜೈಲಿಗೆ ಹಾಕ್ತಾರೆ. ಒಂದು ಮಳೆ ಬಂದ್ರೆ ಎಲ್ಲ ತೊಳೆದು ಹೋಗತ್ತೆ ಬಿಡು."

"ಬಟ್ಟೆ ಕೊಳೆಯೇ ಬರೀ ನೀರಿಗೆ ಹೋಗಲ್ಲ ಕಣೋ. ನನಗೆ ಹೇಳ್ಬೇಡ."

ಮಾರನೆಯ ಬೆಳಗ್ಗೆ ಅವನ ಮನೆಯ ಮುಂದೆ ಲಾರಿ ಇರಲಿಲ್ಲ. ದೂರದ ಬಾಡಿಗೆ ಹಿಡಿದು ಹೋಗಿದ್ದ. ಅವಳು ಬಾಗಿಲ ಮೆಟ್ಟಿಲ ಮೇಲೆ ಬಿಸಿಲೇರುವವರೆಗೂ ಕಾದಳು. ಆಮೇಲೆ ಒಬ್ಬಳೇ ಎದ್ದು ಇಲಾಖೆಗೆ ನಡೆದಳು. ಮೈದಾನದ ವಿಷಯ ಹೇಳಿದಳು. ಲಾರಿ ಯಾರದು ಎಂದು ಕೇಳಿದರು, ತಮ್ಮನ ಹೆಸರು ಹೇಳಿದಳು.

"ನಿಮಗೆ ಅವರು ಏನಾಗ್ಬೇಕು?" ಎಂದು ಮೇಜಿನ ಹಿಂದೆ ಕೂತವನು ಬರೆದುಕೊಳ್ಳುತ್ತ ಕೇಳಿದ.

"ನಾನು ಸಾಕಿದ ಮಗ" ಎಂದಳು.

ಅವತ್ತೇ ಬೀದಿಯ ಮನೆಮನೆಗೂ ಹೋದಳು. ಕದ ತಟ್ಟುವುದು, ನಿಲ್ಲುವುದು, "ನಾನು ಕೊಟ್ಟ ತರಕಾರಿ ಇದ್ರೆ ಬಿಸಾಕಿ. ಅದರಲ್ಲಿ ವಿಷ ಇತ್ತು. ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ" ಎನ್ನುವುದು, ಮುಂದಿನ ಮನೆಗೆ ಹೋಗುವುದು. ಕೆಲವರಿಗೆ ಅರ್ಥವಾಗಲಿಲ್ಲ. ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡಳು. ಟೈಲರನ ಮನೆಯನ್ನು ಕಡೆಗೆ ಇಟ್ಟುಕೊಂಡಿದ್ದಳು. ಅವನು ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ ಪೂರ್ತಿ ಕೇಳಿದ. ಒಳಗಿನ ಕೋಣೆಯಲ್ಲಿ ಅವನ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದ್ದದ್ದು ಕಾಣುತ್ತಿತ್ತು.

"ನನ್ನ ಮಗಳಿಗೆ ಅಂತ ಎಳೇದು ಆರಿಸಿ ಆರಿಸಿ ಕಳಿಸ್ತಿದ್ರಲ್ಲ ಅಕ್ಕ" ಎಂದ.

"ಹೌದು" ಎಂದಳು.

ಮುಖ, ಕೈ ಎಲ್ಲ ಮುಚ್ಚಿಕೊಂಡ ಕೆಲಸದವರು ಬಂದು ಮಡಿಯ ಮಣ್ಣನ್ನು ತೋಡಿ ದಪ್ಪ ಚೀಲಗಳಿಗೆ ತುಂಬಿದರು. ಗಿಡಗಳನ್ನು ಹಣ್ಣು ಸಮೇತ ಚೀಲಕ್ಕೆ ತುರುಕಿದರು. ಇಟ್ಟಿಗೆಯನ್ನೂ ಬಿಡಲಿಲ್ಲ. ಮೈದಾನಕ್ಕೆ ಬೇಲಿ ಬಿತ್ತು, ಶಾಲೆಯ ಮಕ್ಕಳನ್ನೆಲ್ಲ ಸಾಲು ನಿಲ್ಲಿಸಿ ರಕ್ತ ತೆಗೆದರು. ಕೆಲವು ಮಕ್ಕಳಲ್ಲಿ ಸೀಸ ಇತ್ತು, ಹೆಚ್ಚಿರಲಿಲ್ಲ. ಇನ್ನೊಂದು ಮಳೆಗಾಲ ಆಡಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಟೈಲರನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈ ಅಗಲದ ಗಂಡು ಕೂಸು, ಬದುಕಿತು. ಆ ಮನೆಯವರು ಬೇರೆ ಬೀದಿಗೆ ಹೋದರು. ಹೋಗುವಾಗ ಟೈಲರ್ ಅವಳ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.

ತಮ್ಮನನ್ನು ಹಿಡಿದು ತಂದ ದಿನ ಅವಳು ಪೊಲೀಸ್ ಠಾಣೆಗೆ ಊಟದ ಡಬ್ಬಿ ಹಿಡಿದು ಹೋದಳು. ಅವನು ಬೆಂಚಿನ ಮೇಲೆ ಕೂತಿದ್ದ.

"ಸಾಕಿದ ಕೈಯಲ್ಲೇ ಕತ್ತು ಹಿಸುಕಿದೆಯಲ್ಲ ಅಕ್ಕ" ಎಂದ. ಡಬ್ಬಿ ಮುಟ್ಟಲಿಲ್ಲ. ಶಿಕ್ಷೆಯಾಯಿತು. ಅವಳು ನೋಡಲು ಹೋದಾಗಲೆಲ್ಲ ಹೊರಗೆ ಬರಲು ಒಪ್ಪಲಿಲ್ಲ. ಕೆಲವು ಸಲ ಹೋದಳು, ಆಮೇಲೆ ಬಿಟ್ಟಳು. ಕಾರ್ಖಾನೆ ಕೆಡವಿದ ಗುತ್ತಿಗೆದಾರ ಮಾತ್ರ ದಂಡ ಕಟ್ಟಿ ಹೊರಗೇ ಉಳಿದನೆಂದು ಯಾರೋ ಹೇಳಿದರು.

ಬಟಾಣಿ ಮನೆಗೆ ಬಂದಳು. ಫಿಟ್ಸ್ ನಿಂತಿತು, ಹಸಿವು ಮರಳಿತು, ಕೆನ್ನೆಗೆ ಬಣ್ಣ ಬಂತು. ಹೋದ ಮಾತುಗಳಲ್ಲಿ ಕೆಲವು ಬಂದವು, ಕೆಲವು ಬರಲಿಲ್ಲ. ಓರಗೆಯ ಮಕ್ಕಳು ಶಾಲೆಗೆ ಹೋಗಿ ಅಕ್ಷರ ಜೋಡಿಸುವಾಗ ಅವಳು ತನಗಿಂತ ಚಿಕ್ಕವರ ಜೊತೆ ಕೂತು ಬಣ್ಣಗಳ ಹೆಸರು ಕಲಿಯುತ್ತಿದ್ದಳು. ಕಲಿತದ್ದನ್ನು ಮನೆಗೆ ಬರುವ ದಾರಿಯಲ್ಲಿ ಮರೆಯುತ್ತಿದ್ದಳು. ಒಂದು ಚಮಚ ಎಲ್ಲಿದೆಯೆಂದು ಹುಡುಕುತ್ತ ಅಡುಗೆಮನೆಯ ನಡುವೆ ನಿಂತರೆ, ಏನು ಹುಡುಕುತ್ತಿದ್ದಳೆಂಬುದೇ ಹೋಗಿಬಿಡುತ್ತಿತ್ತು.

ಸೊಸೆ ಅಂಗಡಿಯ ಕೆಲಸ ಬಿಟ್ಟಳು. ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಅವಳ ಬಟ್ಟೆ ಒಗೆದಳು, ಮಂಡಿಗೆ ಎಣ್ಣೆ ಕಾಯಿಸಿ ಕೊಟ್ಟಳು. ಆದರೆ ಮಗುವಿನ ತಟ್ಟೆಯನ್ನು ಮಾತ್ರ ಅತ್ತೆಯ ಕೈಗೆ ಮತ್ತೆ ಕೊಡಲಿಲ್ಲ. ಗಂಜಿಯಕ್ಕನೂ ಕೇಳಲಿಲ್ಲ. ಊಟದ ಹೊತ್ತಿಗೆ ತಾನಾಗಿಯೇ ಎದ್ದು ಮುಂದಿನ ಕೋಣೆಗೆ ಹೋಗಿ ಕೂರುತ್ತಿದ್ದಳು. ಬೆನ್ನು ಇನ್ನೂ ನೆಟ್ಟಗೇ ಇತ್ತು.

ತರಕಾರಿಯನ್ನು ಈಗ ಎಲ್ಲರಂತೆ ಮಾರುಕಟ್ಟೆಯಿಂದ ತರುತ್ತಾರೆ. ಒಂದು ಬೆಳಗ್ಗೆ ಸೊಸೆಗೆ ಮೈ ಸರಿಯಿಲ್ಲವೆಂದು ಗಂಜಿಯಕ್ಕನೇ ಕೋಲೂರಿಕೊಂಡು ಹೋದಳು. ಬೀನ್ಸ್ ಆರಿಸುತ್ತಿದ್ದಾಗ ಹಿಂದಿನಿಂದ "ದಾರಿ, ದಾರಿ" ಎಂದು ಕೂಗು ಕೇಳಿ ಪಕ್ಕಕ್ಕೆ ಸರಿದಳು. ಆಲೂಗಡ್ಡೆಯ ಮೂಟೆ ಬೆನ್ನ ಮೇಲೆ ಹೊತ್ತು, ನೆಲ ನೋಡುತ್ತ ಒಬ್ಬ ಕೂಲಿ ಅವಳ ಮುಂದೆ ಹಾದುಹೋದ. ಕಾಲಿನ ನಡಿಗೆಯಿಂದಲೇ ಗುರುತು ಸಿಕ್ಕಿತು. ಜೈಲಿನಿಂದ ಅವನು ಬಂದದ್ದೇ ಅವಳಿಗೆ ಗೊತ್ತಿರಲಿಲ್ಲ.

"ಲೋ ತಮ್ಮಾ" ಎಂದಳು.

ಅವನು ನಿಂತ. ಮೂಟೆಯ ಭಾರಕ್ಕೆ ತಿರುಗಲಾಗಲಿಲ್ಲವೋ, ತಿರುಗಲಿಲ್ಲವೋ. ಅವನ ಕುತ್ತಿಗೆಯ ನರಗಳು ಉಬ್ಬಿದ್ದವು.

"ಹುಡುಗಿ ಮಾತಾಡ್ತಾಳಾ?" ಎಂದು ನೆಲವನ್ನೇ ಕೇಳಿದ.

"ಸ್ವಲ್ಪ."

"ನನ್ನ ಹೆಸರು?"

ಗಂಜಿಯಕ್ಕ ಜೀವಮಾನದಲ್ಲಿ ಸುಳ್ಳು ಹೇಳಿದವಳಲ್ಲ. ಅವತ್ತೂ ಹೇಳಲಾಗಲಿಲ್ಲ. "ಇಲ್ಲ" ಎಂದಳು.

ಅವನು ಮೂಟೆಯನ್ನು ಒಮ್ಮೆ ಮೇಲಕ್ಕೆ ಕುಲುಕಿ ಸರಿಮಾಡಿಕೊಂಡು ಮುಂದಕ್ಕೆ ಹೆಜ್ಜೆ ಹಾಕಿದ. ಜನ ಅವನ ಹಿಂದೆ ಕೂಡಿಕೊಂಡರು. ಅವಳು ನೋಡುತ್ತ ನಿಂತಳು.

"ಎಷ್ಟು ಹಾಕ್ಲಮ್ಮ?" ಎಂದು ಅಂಗಡಿಯವನು ಎರಡನೆಯ ಸಲ ಕೇಳಿದ.

"ಕಾಲು ಕೆಜಿ" ಎಂದು ಚೀಲದ ಬಾಯಿ ಅಗಲಿಸಿ ಹಿಡಿದಳು.